ಸೊಸೆಯ ಕಪ್ಪಿನ ಚಹಾ

“ಇದು ನಮ್ಮ ಸೊಸಿ ಕುಡಿಯೋ ಕಪ್ಪರಿ. ನೀವ ಓದಿ ಹೇಳಿದ್ರಲ್ಲಾ, ಬ್ಯಾರೆ ಇಡೂದು ಬಿಟ್ಟೇವ್ರಿ,” ಎನ್ನುತ್ತ ಹಳೇ ಹುಬ್ಬಳ್ಳಿಯ ಆ ಮುದುಕಿ ನನ್ನ ಮುಂದೆ ಚಹಾ ಹಿಡಿದಳು. ಕ್ಷಯದಿಂದ ಬಳಲಿದ್ದ ಸೊಸೆ ಬಾಗಿಲ ಬಳಿ ಕೂತು ನನ್ನನ್ನೇ ನೋಡುತ್ತಿದ್ದಳು.

ಅರವತ್ತರ ದಶಕದ ಮಾತು. ಕ್ಷಯ ತಡೆಯಲು ಜಿಲ್ಲೆಗೆ ಸಲಹೆ ಕೊಡುವ ತಜ್ಞ ವೈದ್ಯರ ಸಮಿತಿಯಲ್ಲಿ ನಾನು ಗುಮಾಸ್ತ. ತಪ್ಪದೆ ಔಷಧ ತೆಗೆದುಕೊಳ್ಳುವ ರೋಗಿಗೆ ಪಾತ್ರೆ ಬೇರೆ ಇಡಬೇಕಿಲ್ಲ ಎಂಬ ಸಮಿತಿಯ ಸಲಹೆಯನ್ನು ಹಿಂದಿನ ತಿಂಗಳು ಅದೇ ಮನೆಯ ಪಡಸಾಲೆಯಲ್ಲಿ ಓದಿದವನು ನಾನೇ. ಅಂದೇ ಗೋಡೆಯ ಗೂಡಿನಲ್ಲಿ ಬೇರೆ ಇಟ್ಟಿದ್ದ ಸೊಸೆಯ ಕಪ್ಪು ಎಲ್ಲರ ಕಪ್ಪುಗಳ ಜೊತೆ ಸೇರಿತ್ತು.

“ನಾ ಚಹಾ ಕುಡಿಯಂಗಿಲ್ರಿ,” ಎಂದುಬಿಟ್ಟೆ.

ಜೊತೆಗಿದ್ದ ಸಮಿತಿಯ ಡಾಕ್ಟರು ನನ್ನ ಮುಖ ನೋಡಿದರು. ಕಚೇರಿಯಲ್ಲಿ ನಾನು ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವುದು ಅವರಿಗೆ ಗೊತ್ತು. “ನನಗ ಕೊಡವಾ,” ಎಂದು ಅದೇ ಕಪ್ಪು ತೆಗೆದುಕೊಂಡು ನಿಧಾನವಾಗಿ ಕುಡಿದರು.

ಆ ಸಲಹೆ ಓದುವಾಗ ಅದನ್ನು ನಾನು ನಂಬಿದ್ದೆನೋ ಇಲ್ಲವೋ, ಇವತ್ತಿಗೂ ತಿಳಿಯದು. ನಾನು ಒಲ್ಲೆನೆಂದದ್ದನ್ನೂ ಡಾಕ್ಟರು ಕುಡಿದದ್ದನ್ನೂ ಕಣ್ಣಾರೆ ಕಂಡ ಆ ಸೊಸೆ ಯಾರನ್ನು ನಂಬಿದಳೋ ಅದೂ ತಿಳಿಯದು. ಮುಂದಿನ ತಿಂಗಳು ಹೋದಾಗ ಅವಳ ಕಪ್ಪು ಮತ್ತೆ ಗೂಡಿನಲ್ಲಿತ್ತು.