ಮೂರು ಓಮ್ ತಡೆ

ದೀಪಕ್ಕೆ ಕರೆಂಟು ಹಾಯುವ ಡಬ್ಬಿಯಿಂದ ಹೊಗೆ ಬಂದದ್ದೇ ತಡ, ಓಡಿಹೋಗಿ ಇಂಜಿನ್ ನಿಲ್ಲಿಸಿದೆ. ಟೆಂಟಿನೊಳಗೆ ಸಿನಿಮಾ ಮೆಷಿನ್ನಿನ ದೀಪ ಆರಿತು. ಸುಟ್ಟ ವಾಸನೆ ರಸ್ತೆಯವರೆಗೂ ಹೋಯಿತು.

ಇದು ಕೃಷ್ಣರಾಜನಗರದಲ್ಲಿ. ಆಗ ನಾನು ಟೂರಿಂಗ್ ಟಾಕೀಸಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದೆ. ಮಧ್ಯಾಹ್ನ ದೀಪ ಪರೀಕ್ಷೆ ಮಾಡುವಾಗ ಹೀಗಾಯಿತು. ಆಪರೇಟರು ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ. ಒಳಗಿನ ತಂತಿ ಸುರುಳಿ ಸುಟ್ಟಿದೆ, ಹೊಸದು ಮೈಸೂರಿನಿಂದಲೇ ಬರಬೇಕು, ನಾಡಿದ್ದು ತರುತ್ತೇನೆ ಎಂದು ಬಸ್ಸು ಹತ್ತಿದ. ಅವನು ಹೇಗೂ ಮುಂದಿನ ತಿಂಗಳು ಕೆಲಸ ಬಿಡುವವನು, ಅವನಿಗೇನು? ಆದರೆ ಚಿತ್ರದ ರೀಲುಗಳು ಮಾರನೆಯ ಬೆಳಿಗ್ಗೆ ಪಿರಿಯಾಪಟ್ಟಣಕ್ಕೆ ಹೋಗಬೇಕಿತ್ತು. ಅವತ್ತು ಸಂಜೆಯದೇ ಕೊನೆಯ ಆಟ.

ನಾನು ರಿಪೇರಿ ಮಾಡುತ್ತೇನೆ ಎಂದೆ. ಟೆಂಟಿನ ಯಜಮಾನರು ಹಣೆಯ ವಿಭೂತಿ ಸುಕ್ಕಾಗುವಂತೆ ನಕ್ಕರು. ನಾಲ್ಕನೇ ಕ್ಲಾಸು ಮುಗಿಸದವನು ಕರೆಂಟಿನ ಲೆಕ್ಕ ಮಾಡುತ್ತಾನಂತೆ ಎಂದು ಟಿಕೆಟ್ ಹರಿಯುವವನಿಗೂ ಕೇಳುವಂತೆ ಹೇಳಿದರು. ನನಗೆ ಸಿಟ್ಟು ಬಂತು.

"ಸಂಜೆ ಬೆಳಕು ಬಂದ್ರೆ ಮುಂದಿನ ತಿಂಗ್ಳಿಂದ ನನ್ನನ್ನ ಆಪರೇಟರ್ ಮಾಡ್ತೀರಾ, ಯಜಮಾನ್ರೇ?"

"ಬರ್ನಿಲ್ಲ ಅಂದ್ರೆ ಇಂಜಿನ್ನೂ ಮುಟ್ಬ್ಯಾಡ ಕಣ್ಲಾ. ಗಂಟುಮೂಟೆ ಕಟ್ಟು."

ಆಗಲಿ ಎಂದೆ.

ಡಬ್ಬಿ ಬಿಚ್ಚಿದೆ. ಸುರುಳಿಗಳ ನಡುವೆ ಅಂಗೈಯಗಲದ ತಾಮ್ರದ ತಗಡು ಅರ್ಧ ಕರಗಿ ಅಂಟಿಕೊಂಡಿತ್ತು. ಅದರ ಮೇಲೆ ಗೆರೆ, ಅಕ್ಷರ, ಕುಂಕುಮ. ಯಾರದು ಎಂದು ಕೇಳಿದೆ. ಯಜಮಾನರು ಬೇರೆ ಕಡೆ ನೋಡಿದರು. ಆಮೇಲೆ ಬಾಯಿಬಿಟ್ಟರು. ಹೋದ ವಾರ ಬೆಳಕು ಮಂಕಾಗಿದೆ ಎಂದು ಇವರು ಕೂಗಾಡಿದಾಗ, ಡಬ್ಬಿಯಲ್ಲಿ ತಡೆ ಜಾಸ್ತಿ ಎಂದಿದ್ದನಂತೆ ಆಪರೇಟರು. ಆಗದವರು ಯಾರೋ ಮಾಟ ಮಾಡಿಸಿ ಟೆಂಟಿಗೆ ತಡೆ ಕಟ್ಟಿಸಿದ್ದಾರೆ ಎಂದುಕೊಂಡು ಯಜಮಾನರು ಬೂದುಗುಂಬಳ ಒಡೆಸಿದರು. ಅದಕ್ಕೂ ಬೆಳಕು ಏರಲಿಲ್ಲ. ತಡೆ ಒಡೆಯುವವನ ಹತ್ತಿರ ಹೋಗಿ ಯಂತ್ರ ಬರೆಸಿಕೊಂಡು ಬಂದು, ಅವತ್ತು ಬೆಳಿಗ್ಗೆ ತಾವೇ ಡಬ್ಬಿಯೊಳಗೆ ಸಿಕ್ಕಿಸಿದ್ದರು. ಕರೆಂಟು ಸುರುಳಿ ಬಿಟ್ಟು ತಾಮ್ರದ ಮೇಲೆ ನೆಟ್ಟಗೆ ನುಗ್ಗಿದೆ.

"ಯಂತ್ರ ಕೆಲ್ಸ ಮಾಡೈತೆ ಯಜಮಾನ್ರೇ," ಎಂದೆ. "ತಡೆ ಪೂರ್ತಿ ಒಡ್ದೋಗೈತೆ. ಅದ್ಕೇ ಸುಟ್ಟೋಯ್ತು. ಈಗ ಮೂರು ಓಮ್ ತಡೆ ನಾವೇ ಕಟ್ಬೇಕು."

"ತಡೇನ ನಾವೇ ಕಟ್ಟಾದಾ? ಅದ್ಕೆ ಮೂರು ಸಲ ಓಂ ಅನ್ಬೇಕಾ?"

ಟಿಕೆಟ್ಟಿನವನು ನಕ್ಕ. ನನಗೆ ನಗುವಷ್ಟು ಹೊತ್ತಿರಲಿಲ್ಲ. ಯಜಮಾನರಿಗೆ ನಾಲೆ ಕೆಳಗೆ ಗದ್ದೆ ಇತ್ತು. ತೂಬು ಪೂರ್ತಿ ಎತ್ತಿದರೆ ಪೈರು ಏನಾಗುತ್ತೆ ಎಂದು ಕೇಳಿದೆ. ಕೊಚ್ಚಿಕೊಂಡು ಹೋಗುತ್ತೆ ಎಂದರು. ಕರೆಂಟಿಗೂ ತೂಬು ಬೇಕು, ಅದಕ್ಕೆ ತಡೆ ಎನ್ನುತ್ತಾರೆ, ಅಷ್ಟೇ ಎಂದೆ.

ಲೆಕ್ಕ ನನಗೆ ಹುಣಸೂರಿನ ಮರ ಕೊಯ್ಯುವ ಮಿಲ್ಲಿನಲ್ಲಿ ಒಬ್ಬ ಮಿಸ್ತ್ರಿ ಹೇಳಿಕೊಟ್ಟಿದ್ದ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ತಡೆ, ಅದಕ್ಕೆ ಓಮ್ ಅಂತ ಅಳತೆ. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ವಾಟ್. ನನಗೆ ಬರುವುದು ಇಷ್ಟೇ, ಬೇಕಾಗಿದ್ದೂ ಇಷ್ಟೇ. ಸೀಮೆಸುಣ್ಣ ತೆಗೆದುಕೊಂಡು ಡಬ್ಬಿಯ ಮುಚ್ಚಳದ ಮೇಲೆ ಬರೆದೆ. ಇಂಜಿನ್ ತಿರುಗಿಸುವ ನಮ್ಮ ಡೈನಮೊ ಕೊಡುವುದು ನೂರ ಹತ್ತು ವೋಲ್ಟ್. ಮೆಷಿನ್ನಿನ ದೀಪಕ್ಕೆ ಐವತ್ತು ಸಾಕು. ಮಿಕ್ಕ ಅರವತ್ತನ್ನು ತಡೆಯೇ ನುಂಗಬೇಕು. ದೀಪಕ್ಕೆ ಹರಿಯಬೇಕಾದ್ದು ಇಪ್ಪತ್ತು ಆಂಪಿಯರ್. ಅರವತ್ತನ್ನು ಇಪ್ಪತ್ತರಿಂದ ಭಾಗಿಸಿದರೆ ಮೂರು. ಗುಣಿಸಿದರೆ ಸಾವಿರದ ಇನ್ನೂರು ವಾಟ್. ಅರವತ್ತು ವಾಟಿನ ಇಪ್ಪತ್ತು ಬಲ್ಬಿನ ಕಾವು. ಇದನ್ನು ಡಬ್ಬಿಯಲ್ಲಿ ತುರುಕಿದರೆ ಮತ್ತೆ ಸುಡುತ್ತದೆ, ಗಾಳಿಗೆ ಬಿಡಬೇಕು.

ತಂತಿ? ಟೆಂಟಿನ ಹಿಂದೆ ಬೇಲಿಗೆಂದು ತಂದ ಕಬ್ಬಿಣದ ತಂತಿ ನೂರು ಗಜ ಬಿದ್ದಿತ್ತು. ಬಯಲಿನಲ್ಲಿ ಗೂಟ ಹೊಡೆದೆವು. ಗೂಟಕ್ಕೆ ತಂತಿ ತಾಗದ ಹಾಗೆ ಹೆಂಚಿನ ಚೂರು ಕೊಟ್ಟು, ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಎಳೆದೆವು. ಬರೀ ತಂತಿಯನ್ನೇ ಡೈನಮೊಗೆ ಕೊಟ್ಟು ಇಂಜಿನ್ ಬಿಟ್ಟೆ. ಇಂಜಿನ್ ಮುಲುಗಿತು. ಆಂಪಿಯರ್ ಮೀಟರಿನ ಮುಳ್ಳು ನಲವತ್ತರ ಹತ್ತಿರಕ್ಕೆ ಹಾರಿತು. ಯಜಮಾನರು ಹಿಂದಕ್ಕೆ ಓಡಿದರು. ತಂತಿ ಕಾಯುತ್ತಾ ಕಾಯುತ್ತಾ ಮುಳ್ಳು ತಾನೇ ಇಳಿಯಿತು. ಮೂವತ್ತು. ಇಪ್ಪತ್ತೈದು. ಇಪ್ಪತ್ತೆರಡಕ್ಕೆ ಬಂದು ನಿಂತಿತು. ಕಾದರೆ ಕಬ್ಬಿಣದ ತಡೆ ಏರುತ್ತದೆ ಎಂದು ಮಿಸ್ತ್ರಿ ಹೇಳಿದ್ದ, ಕಣ್ಣಾರೆ ನೋಡಿದ್ದು ಆಗಲೇ. ನನಗೆ ಕುಣಿಯುವಂತಾಯಿತು. ನೂರ ಹತ್ತನ್ನು ಇಪ್ಪತ್ತೆರಡರಿಂದ ಭಾಗಿಸಿದರೆ ಐದು! ಶೇಷವೇ ಇಲ್ಲ. ನೂರು ಗಜಕ್ಕೆ ಐದು ಓಮ್ ಆದರೆ ಮೂರಕ್ಕೆ ಅರವತ್ತು ಗಜ.

ಇಂಜಿನ್ ನಿಲ್ಲಿಸಿ, ತಂತಿ ತಣ್ಣಗಾದ ಮೇಲೆ ಅರವತ್ತು ಗಜ ಅಳೆದು ಮಿಕ್ಕದ್ದನ್ನು ಕತ್ತರಿಸಿದೆ. ಮೆಷಿನ್ನಿಗೆ ಜೋಡಿಸಿದೆ. ಆಟಕ್ಕೆ ಇನ್ನೂ ಒಂದು ಗಂಟೆ ಇತ್ತು. ಆಗಲೇ ಜನ ಟಿಕೆಟ್ಟಿಗೆ ನೂಕಾಡುತ್ತಿದ್ದರು. ಇಂಜಿನ್ ಬಿಟ್ಟು ಒಳಗೆ ಓಡಿದೆ. ದೀಪದ ಎರಡು ಇದ್ದಿಲು ಕಡ್ಡಿಗಳನ್ನು ಮುಟ್ಟಿಸಿ ಬಿಡಿಸಿದೆ. ಚಿರ್ ಎಂದು ಹತ್ತಿಕೊಂಡಿತು. ಮುಳ್ಳು ಮೇಲೆ ಹೋಗಿ, ನಿಧಾನವಾಗಿ ಇಳಿದು, ಇಪ್ಪತ್ತರಲ್ಲಿ ನಿಂತಿತು. ಪರದೆ ಒಗೆದ ಪಂಚೆಯ ಹಾಗೆ ಬೆಳ್ಳಗಾಯಿತು. ಟೆಂಟಿನ ಹಿಂದೆ ತಂತಿಯ ಹತ್ತಿರ ಹೋದರೆ ಮುಖಕ್ಕೆ ಒಲೆಯ ಝಳ ಹೊಡೆಯುತ್ತಿತ್ತು. ಯಾರೂ ಮುಟ್ಟದ ಹಾಗೆ ಟಿಕೆಟ್ಟಿನವನು ಸುತ್ತ ಜಾಲಿಮುಳ್ಳು ಹಾಕಿದ.

ಯಜಮಾನರು ಪರದೆ ನೋಡಿದರು. ಮೀಟರಿನ ಮುಳ್ಳು ನೋಡಿದರು. ಮುಚ್ಚಳದ ಮೇಲಿನ ನನ್ನ ಲೆಕ್ಕವನ್ನು ಬೆರಳಿಟ್ಟು ಓದಿದರು. ನನ್ನನ್ನು ಹೊಗಳಲಿಲ್ಲ. ಟಿಕೆಟ್ಟಿನವನ ಕಡೆ ತಿರುಗಿದರು.

"ಇಂಜಿನ್ಗೆ ಬ್ಯಾರೆ ಆಳು ಸಿಕ್ತಾನೇನೋ ನೋಡ್ಲಾ."

ನಾನು ಆಪರೇಟರಾದದ್ದು ಹೀಗೆ. ಇದಕ್ಕೆ ಸೇರಿಸಲು ನನ್ನ ಹತ್ತಿರ ಇನ್ನೇನೂ ಇಲ್ಲ.