ಮೇಜಿನ ನಾಲ್ಕು ತೂತುಗಳು

ನಿಮ್ಮ ತಾತ ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಎತ್ತಿದರು ಎಂದು ನಾನು ಪೊಲೀಸರಿಗೆ ಹೇಳಿದೆ.

ಇಂಚರಾ, ನಿಶಾಂತ್ — ಈ ಎರಡು ಸಾಲು ಬರೆಯಲು ನನಗೆ ಹನ್ನೆರಡು ವರ್ಷ ಹಿಡಿಯಿತು. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಇದನ್ನು ನಿಮ್ಮ ಅಮ್ಮನೇ ಗಟ್ಟಿಯಾಗಿ ಓದಿ ಹೇಳಬೇಕು. ಅಂದರೆ ಅವಳಿಗೂ ಈಗಲೇ ಗೊತ್ತಾಗುತ್ತಿದೆ. ಮಗಳೇ, ನಡುವೆ ನಿಲ್ಲಿಸಬೇಡ. ಪೂರ್ತಿ ಓದು.

ನೀವಿಬ್ಬರೂ ಕೂತು ಬರೆಯುವ ದಪ್ಪ ಮರದ ಮೇಜಿನ ಬಲತುದಿಯಲ್ಲಿ ನಾಲ್ಕು ತೂತುಗಳಿವೆ. ನಿಶಾಂತ್ ಅದರಲ್ಲಿ ಪೆನ್ಸಿಲ್ ಸಿಕ್ಕಿಸುತ್ತಾನೆ. ಇವು ಯಾಕೆ ಎಂದು ಇಂಚರಾ ಒಮ್ಮೆ ಕೇಳಿದಾಗ ಹುಳ ಕೊರೆದದ್ದು ಎಂದಿದ್ದೆ. ಹುಳ ಅಷ್ಟು ದುಂಡಗೆ, ಅಷ್ಟು ಸಮನಾಗಿ ಕೊರೆಯುವುದಿಲ್ಲ. ಕೊರೆದವರು ನಿಮ್ಮ ತಾತ. ಕೋವಿಯ ತೋಟಾಗಳನ್ನು ಮನೆಯಲ್ಲೇ ತುಂಬುವ ಒಂದು ಯಂತ್ರವನ್ನು ಅಲ್ಲಿ ಕೂರಿಸಿದ್ದರು.

ಜಪಾನಿಗೆ ಬಂದ ಮೇಲೆ ತಾತ ಇಲ್ಲಿ ತ್ಸುಕುಬಾದ ಒಂದು ಸಂಶೋಧನಾ ಸಂಸ್ಥೆಯ ವರ್ಕ್‌ಶಾಪಿನಲ್ಲಿದ್ದರು. ವಿಜ್ಞಾನಿಗಳು ಕೇಳಿದ ಉಪಕರಣಗಳನ್ನು ಮಾಡಿಕೊಡುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳ ತುದಿಯಲ್ಲೇ ಹಿಡಿಯುತ್ತಿದ್ದರು. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು. ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಸೇರಿದಾಗ ಒಬ್ಬೊಬ್ಬರೂ ಒಂದೊಂದು ವಿಷಯದಲ್ಲಿ ಡಾಕ್ಟರು. ನಾನು ಅಡುಗೆಮನೆಯಲ್ಲೇ ಉಳಿದು ಒಬ್ಬಟ್ಟು ಬೇಯಿಸುತ್ತಿದ್ದೆ. ಯಾರಾದರೂ ನನ್ನನ್ನು ಕೇಳುತ್ತಿದ್ದುದು ಇನ್ನೊಂದು ಒಬ್ಬಟ್ಟು ಇದೆಯೇ ಎಂದು ಮಾತ್ರ.

ಎದುರುಮನೆಯ ಮೊರಿ-ಸಾನ್ ನಿಮಗೆ ಗೊತ್ತು — ಬೆನ್ನು ಬಾಗಿದ, ನಿಮ್ಮನ್ನು ಕಂಡರೆ ತಲೆ ತಗ್ಗಿಸಿ ನಗುವ ಅಜ್ಜ. ಆಗ ಅವರ ಬೆನ್ನು ನೆಟ್ಟಗಿತ್ತು. ಬೆಟ್ಟದಿಂದ ಇಳಿದು ಬಂದು ಗದ್ದೆ ಕೆದಕುವ ಕಾಡುಹಂದಿಗಳನ್ನು ಹೊಡೆಯುವ ಗುಂಪಿನಲ್ಲಿದ್ದರು. ತಾತನನ್ನು ‘ಶಿವ-ಸಾನ್’ ಎಂದು ಕರೆದು ಕೋವಿಯ ರುಚಿ ಹತ್ತಿಸಿದವರು ಅವರೇ. ಈ ದೇಶದಲ್ಲಿ ಕೋವಿ ಇಟ್ಟುಕೊಳ್ಳುವುದು ಹುಡುಗಾಟವಲ್ಲ. ಪರೀಕ್ಷೆ, ವೈದ್ಯರ ಪತ್ರ, ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆ. ಕೊನೆಗೆ ಪೊಲೀಸರು ಬಂದು ಹೆಂಡತಿಯನ್ನೂ ನೆರೆಯವರನ್ನೂ ವಿಚಾರಿಸುತ್ತಾರೆ. ಮೊದಲ ಸಲ ಬಂದಾಗ ನಾನು ಎಲ್ಲದಕ್ಕೂ ‘ಡೈಜೊಬು’ — ತೊಂದರೆ ಇಲ್ಲ — ಎಂದೆ. ಜೀವನವಿಡೀ ಎಲ್ಲದಕ್ಕೂ ಅದನ್ನೇ ಹೇಳಿಕೊಂಡು ಬಂದವಳು.

ಮೂರು ವರ್ಷ ಕಳೆದ ಮೇಲೆ ತಾತ ಈ ಮೇಜು ಮಾಡಲು ಕೂತರು. ಹಲಗೆ ಆರಿಸಲು ಒಂದು ತಿಂಗಳು. ಕಾಲಿಗೆ ಮೊಳೆ ಹೊಡೆಯಲಿಲ್ಲ. ಮರಕ್ಕೆ ಮರವನ್ನೇ ಕಚ್ಚಿಸಿದರು. ಮೇಲೆ ಲೋಟದ ತುಂಬ ನೀರಿಟ್ಟು ಸುತ್ತಲೂ ನಡೆದಾಡಿ, ನೀರು ಅಲುಗಲಿಲ್ಲವೆಂದು ನನಗೆ ತೋರಿಸಿದರು. ಮೊರಿ-ಸಾನ್ ತೋಟಾ ತುಂಬುವ ತಮ್ಮ ಹಳೆಯ ಸನ್ನೆಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ತಂದರು. ಮೇಜಿಗೆ ಬಿಗಿದದ್ದು ಅದನ್ನೇ.

ಸಿಡಿಮದ್ದು ತರಲು ಇನ್ನೂ ಅನುಮತಿ ಬಂದಿರಲಿಲ್ಲ. ಕೈ ಪಳಗಲಿ ಎಂದು ತಾತ ಖಾಲಿ ತೋಟಾಗಳಿಗೆ ಮದ್ದಿನ ಬದಲು ರಾಗಿ, ಚರೆಗುಂಡಿನ ಬದಲು ಸಾಸಿವೆ ತುಂಬುತ್ತಿದ್ದರು — ನನ್ನ ಡಬ್ಬಿಗಳಿಂದ. ರಾಗಿ ಇಳಿಯುತ್ತಿದೆಯಲ್ಲ, ಹೆಗ್ಗಣ ಬಂದಿದೆಯೇ ಎಂದು ಕೇಳಿದೆ.

“ಹೆಗ್ಗಣ ಅಲ್ಲ ಕಣೇ ಕಮಲಾ, ನಾನೇ. ಒಂದು ಮುದ್ದೆಯಷ್ಟು ತಗೊಂಡೆ ಅಷ್ಟೆ.”

ಇದನ್ನು ಹೊಡೆದರೆ ಹಂದಿ ಸಾಯುವುದಿಲ್ಲ, ಊಟಕ್ಕೇ ಬಂದು ಕೂರುತ್ತದೆ ಎಂದು ಮೊರಿ-ಸಾನ್ ನಕ್ಕಿದ್ದರು.

ಒಂದು ಮಧ್ಯಾಹ್ನ ಕಾಫಿ ಕೊಡಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ತಾತ ಉಸಿರು ಬಿಗಿಹಿಡಿದು ಪುಟ್ಟ ತಕ್ಕಡಿಯಲ್ಲಿ ರಾಗಿ ತೂಗುತ್ತಿದ್ದರು. ಒಂದು ಕಾಳು ಹೆಚ್ಚಾದರೆ ಚಿಮಟದಲ್ಲಿ ತೆಗೆದರು. ತೋಟಾದೊಳಗೆ ಸುರಿದು, ಬೆಣೆ ಕೂರಿಸಿ, ಸಾಸಿವೆ ತುಂಬಿ, ಸನ್ನೆ ಒತ್ತಿದರು. ತೋಟಾದ ಬಾಯಿ ನೆರಿಗೆ ನೆರಿಗೆಯಾಗಿ ಒಳಕ್ಕೆ ಮಡಚಿ, ನಡುವಿಗೆ ಬಂದು ಮುಚ್ಚಿಕೊಂಡಿತು — ಥೇಟ್ ಮೋದಕದ ಬಾಯಿಯ ಹಾಗೆ! ನಾನು ನಲವತ್ತು ವರ್ಷ ಮಾಡಿದರೂ ಒಂದು ಮೋದಕ ಅಷ್ಟು ಚಂದ ಕೂತಿಲ್ಲ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ದೇವರ ಮುಂದೆ ನಿಂತಾಗ ಮೈಯಲ್ಲಿ ಆಗುತ್ತದಲ್ಲ, ಅಂಥದ್ದೇನೋ ನನಗಾಯಿತು. ಮೊರಿ-ಸಾನ್ ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದರು. ಇಬ್ಬರ ನಡುವೆ ಒಂದು ಮಾತೂ ಇರಲಿಲ್ಲ, ಮಾತು ಬೇಕಾಗಿಯೂ ಇರಲಿಲ್ಲ. ಕಾಫಿ ಆರಿತು. ನಾನು ಹಾಗೇ ಹಿಂದಿರುಗಿದೆ.

ನಿಮ್ಮ ಅಮ್ಮ ಆಗ ಇಚಿಕಾವಾ ಊರಿನಲ್ಲಿದ್ದಳು. ಇಂಚರಾ, ನೀನು ಅವಳ ಹೊಟ್ಟೆಯಲ್ಲಿದ್ದೆ. ಬಾಣಂತನಕ್ಕೆ ಇಲ್ಲಿಗೆ ಬರುವವಳಿದ್ದಳು. ಪಕ್ಕದ ಕೋಣೆಯಲ್ಲಿ ಮದ್ದು, ಈ ಕೋಣೆಯಲ್ಲಿ ಎಳೆಗೂಸು — ಇದು ನನ್ನ ತಲೆಯಲ್ಲಿ ಕೊರೆಯತೊಡಗಿತು. ತಾತನಿಗೆ ನನ್ನ ಮುಖ ನೋಡಿ ಏನೋ ಅನ್ನಿಸಿರಬೇಕು. ಒಂದು ದಿನ ಊಟಕ್ಕೆ ಕೂತಾಗ ಕೇಳಿದರು:

“ನಿಂಗೆ ಭಯ ಇದ್ರೆ ಹೇಳ್ಬಿಡು. ಬೇಡ ಅಂದ್ರೆ ಬೇಡ, ಬಿಟ್ಟಾಕ್ತೀನಿ.”

“ಏನೂ ಇಲ್ಲ ಕಣ್ರೀ” ಎಂದೆ.

ಮಕ್ಕಳೇ, ಇದನ್ನು ನೆನಪಿಟ್ಟುಕೊಳ್ಳಿ. ಅವರು ಕೇಳಿದ್ದರು. ಒಂದು ಮಾತು ಸಾಕಾಗಿತ್ತು.

ಅದಾಗಿ ಎರಡು ವಾರಕ್ಕೆ ಕೋವಿಯ ಲೈಸೆನ್ಸ್ ನವೀಕರಣದ ವಿಚಾರಣೆಗೆ ಪೊಲೀಸ್ ಹುಡುಗಿಯೊಬ್ಬಳು ಬಂದಳು. ತಾತ ಕೆಲಸಕ್ಕೆ ಹೋಗಿದ್ದರು. ಅವಳು ಚಪ್ಪಲಿ ಬಿಡುವ ಜಾಗದಲ್ಲೇ ಮಂಡಿಯೂರಿ, ತೊಡೆಯ ಮೇಲೆ ಕಾಗದವಿಟ್ಟುಕೊಂಡು ಒಂದೊಂದೇ ಪ್ರಶ್ನೆ ಕೇಳಿದಳು. ಕುಡಿಯುತ್ತಾರೆಯೇ? ಇಲ್ಲ. ಸಾಲವಿದೆಯೇ? ಇಲ್ಲ. ಮನೆಯಲ್ಲಿ ಜಗಳವಾಗುತ್ತದೆಯೇ? — ಇಲ್ಲಿ ನಾನು ತಡವರಿಸಿದೆ. ಅವಳು ಪೆನ್ನು ಎತ್ತಿ ಕಾದಳು. ನನಗಾಗಿ ಒಬ್ಬರು ಹಾಗೆ ಕಾದದ್ದು ಅದೇ ಮೊದಲು. ನನ್ನ ಮುರುಕು ಜಪಾನಿಯಲ್ಲಿ ಹೇಳಿದೆ — ಕೋಪ ಬಂದರೆ ನನಗೆ ಭಯವಾಗುತ್ತದೆ, ಒಮ್ಮೆ ಕೈ ಎತ್ತಿದ್ದರು.

ಅವಳು ಬರೆದುಕೊಂಡಳು. ಬರೆದದ್ದನ್ನು ನಿಧಾನವಾಗಿ ಓದಿ, ಸರಿಯೇ ಎಂದು ಕೇಳಿದಳು. ಹೌದು ಎಂದೆ. ಇನ್ನೊಮ್ಮೆ ಕೇಳಿದಳು. ಹೌದು. ಇದನ್ನು ನೀವು ಹೇಳಿದ್ದೆಂದು ಅವರಿಗೆ ತಿಳಿಸುವುದಿಲ್ಲ, ಇದು ನಿಜವೇ ಎಂದು ಮೂರನೆಯ ಸಲ ಕೇಳಿದಳು. ಹೌದು.

ಭಯದಿಂದ ಹೇಳಿದೆ ಎಂದು ಬರೆದು ಮುಗಿಸಬಹುದಿತ್ತು. ಭಯವೂ ಇತ್ತು. ಆದರೆ — ಆ ಮೇಜಿನ ಮುಂದೆ ಇಬ್ಬರು ಗಂಡಸರು ಮಾತಿಲ್ಲದೆ ಕೂತ ಸುಖ ಕಂಡು ನನಗೆ ಹೊಟ್ಟೆಕಿಚ್ಚೂ ಆಗಿತ್ತು. ಇನ್ನೂ ಒಂದಿದೆ, ಹೇಳಲು ನಾಚಿಕೆ. ನನ್ನ ಮಾತು ಕಾಗದದ ಮೇಲೆ ಅಕ್ಷರವಾಗುತ್ತಿರುವುದನ್ನು ಕಂಡು ನಾನು ಬೆರಗಾಗಿ ನಿಂತಿದ್ದೆ. ನನ್ನ ಮಾತಿಗೂ ತೂಕವಿದೆಯೇ, ಒಂದು ಸರ್ಕಾರ ಅದನ್ನು ನಂಬುತ್ತದೆಯೇ ಎಂದು. ಆ ಬೆರಗಿನಲ್ಲೇ ಮೂರು ಸಲವೂ ಹೌದೆಂದೆ.

ಅವಳು ಹೋಗುವಾಗ ಒಂದು ಫೋನ್ ನಂಬರು ಕೊಟ್ಟಳು. ಮುಂದೆ ಎರಡು ಮೂರು ಸಲ ಅವಳೇ ಫೋನ್ ಮಾಡಿ, ನೀವು ಕ್ಷೇಮವೇ ಎಂದು ವಿಚಾರಿಸಿದಳು. ಡೈಜೊಬು ಎಂದೆ. ಆ ಹುಡುಗಿಗೂ ನಾನು ಮೋಸ ಮಾಡಿದೆ.

ತಾತನನ್ನು ಠಾಣೆಗೆ ಕರೆದು, ಕಾರಣ ಹೇಳಲಾಗುವುದಿಲ್ಲ, ಅರ್ಜಿಯನ್ನು ನೀವಾಗಿಯೇ ಹಿಂದೆಗೆದುಕೊಂಡರೆ ಒಳ್ಳೆಯದು ಎಂದರಂತೆ. ಕೋವಿ ಒಪ್ಪಿಸಿ ಬಂದರು. ನಾನು ಸೊಪ್ಪು ಬಿಡಿಸುತ್ತಿದ್ದೆ.

“ಅಕ್ಕಪಕ್ಕ ವಿಚಾರಿಸಿದಾರೆ. ಯಾರೋ ಏನೋ ಅಂದಿದಾರೆ” ಎಂದು ಹೇಳಿ ಕಿಟಕಿಯ ಕಡೆ ನೋಡಿದರು. ಕಿಟಕಿಯ ಆಚೆ ಮೊರಿ-ಸಾನ್ ಮನೆ. ನಮ್ಮ ಬೀದಿಯಲ್ಲಿ ತಾತನನ್ನು ಬಲ್ಲವರು ಅವರೊಬ್ಬರೇ.

ನಾನು ಸೊಪ್ಪು ಬಿಡಿಸುತ್ತಲೇ ಇದ್ದೆ.

ಮರುದಿನ ತಾತ ಯಂತ್ರ ಬಿಚ್ಚಿ, ಎಣ್ಣೆ ಒರೆಸಿ, ಅದೇ ಬಟ್ಟೆಯಲ್ಲಿ ಸುತ್ತಿ ಎದುರುಮನೆಯ ಬಾಗಿಲಲ್ಲಿಟ್ಟು ಬಂದರು, ಬಾಗಿಲು ತಟ್ಟಲಿಲ್ಲ. ಆಮೇಲೆ ಅವರಿಬ್ಬರೂ ಎದುರಾದರೆ ತಲೆ ಬಾಗಿಸುತ್ತಿದ್ದರು, ಅಷ್ಟೆ. ಒಂಬತ್ತು ವರ್ಷ. ನೀನು ಹುಟ್ಟಿದೆ ಇಂಚರಾ, ನಿಶಾಂತ್ ಹುಟ್ಟಿದ. ಮೇಜು ನಿಮ್ಮ ಪಾಲಿಗೆ ಬಂತು. ತಾತ ಆ ತೂತುಗಳ ಮೇಲೆ ಬೆರಳಾಡಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಕಂಡು — ಒಲೆಯ ಕಡೆ ತಿರುಗಿದ್ದೇನೆ.

ತಾತ ತೀರಿಕೊಂಡ ದಿನ ಮೊರಿ-ಸಾನ್ ಬಂದರು. ಕಪ್ಪು ಕೋಟು ಹಾಕಿ, ದೇಹದ ಮುಂದೆ ಬಹಳ ಹೊತ್ತು ಮಂಡಿಯೂರಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಹಣೆ ನೆಲಕ್ಕೆ ತಾಗುವಂತೆ ಬಾಗಿ ಏನೋ ಹೇಳಿದರು. ನನಗೆ ಅರ್ಥವಾಗಿತ್ತು. ಆದರೂ ಮಗಳೇ, ನೀನು ಕನ್ನಡದಲ್ಲಿ ಹೇಳಿದೆ. ಆ ಮಾತು ನಿನಗೆ ನೆನಪಿದೆಯಲ್ಲವೇ?

“‘ಶಿವ-ಸಾನ್ ಒಳ್ಳೆಯವರು ಅಂತ ಪೊಲೀಸ್‌ಗೆ ಹೇಳಿದ್ದೆ. ನನ್ನ ಮಾತು ಸಾಲದೇ ಹೋಯ್ತು, ಕ್ಷಮಿಸಿ’ ಅಂತಿದಾರೆ ಅಮ್ಮ. ಯಾವ ವಿಷಯ ಇದು?”

ಏನೋ ಹಳೆಯದು ಎಂದೆ.

ಒಂಬತ್ತು ವರ್ಷ ಆ ಮನುಷ್ಯ ತನ್ನ ಮೇಲೆ ಬಿದ್ದ ಅನುಮಾನವನ್ನು ಕಂಡೂ ಯಾಕೆಂದು ಕೇಳಲಿಲ್ಲ. ತನ್ನ ಮಾತೇ ಹಗುರವಾಯಿತು ಎಂದು ನಂಬಿ ಕೂತಿದ್ದರು. ನನ್ನ ಸುಳ್ಳಿಗಾಗಿ ಅವರು ನನ್ನ ಕ್ಷಮೆ ಕೇಳಿದರು. ಇಂಥ ಮನುಷ್ಯರು ಇರುತ್ತಾರೆಯೇ ಎಂದು ಇವತ್ತಿಗೂ ನಾನು ಬೆರಗಿನಿಂದ ಆ ಕಿಟಕಿಯ ಕಡೆ ನೋಡುತ್ತೇನೆ. ನೋಡುತ್ತಲೇ ಮತ್ತೆ ಮೂರು ವರ್ಷ ಕಳೆದೆ.

ತಾತನಿಗೆ ಹೇಳುವ ದಾರಿ ಇನ್ನಿಲ್ಲ. ಮೊರಿ-ಸಾನ್ ಇದ್ದಾರೆ.

ಭಾನುವಾರ ಬೆಳಿಗ್ಗೆ ಎದುರುಮನೆಗೆ ಹೋಗುತ್ತೇನೆ. ಸಾಸಿವೆ ಡಬ್ಬಿಯ ತಳದಲ್ಲಿ ತಾತ ತುಂಬಿದ ರಾಗಿಯ ತೋಟಾ ಒಂದು ಉಳಿದಿದೆ, ಅದನ್ನು ಕೊಡುತ್ತೇನೆ. ಇಂಚರಾ, ನೀನು ಜೊತೆಗೆ ಬಾ. ರಸ್ತೆ ದಾಟುವಾಗ ನನ್ನ ಕೈ ಹಿಡಿದುಕೋ. ಆದರೆ ನನ್ನ ಪರವಾಗಿ ಮಾತಾಡಬೇಡ. ಬೇಕಾದ ಜಪಾನಿ ಮಾತನ್ನು ನಾನೇ ಕಲಿತಿದ್ದೇನೆ. ‘ಉಸೊ ಒ ತ್ಸುಕಿಮಾಶಿತಾ’ — ನಾನು ಸುಳ್ಳು ಹೇಳಿದೆ. ಅವರು ಕ್ಷಮಿಸುತ್ತಾರೋ ಇಲ್ಲವೋ, ಅದು ಅವರದು.

ಆ ಪೊಲೀಸ್ ಹುಡುಗಿ ಮೂರು ಸಲ ಕೇಳಿದ್ದಳು. ಈ ಸಲ ಯಾರೂ ಕೇಳುವುದಿಲ್ಲ. ಬಾಗಿಲನ್ನು ನಾನೇ ತಟ್ಟಬೇಕು.