ಮೊದಲ ಸಲದ ‘ಒಲ್ಲೆ’

ನಮ್ಮ ಕಡೆ ಕೊಡುವ ಮನಸ್ಸಿದ್ದವರೇ ಮೊದಲ ಸಲ ‘ಒಲ್ಲೆ’ ಅನ್ನುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಲಿಂಬೆ ತೋಟದ ಗುತ್ತಿಗೆಗೆ ವ್ಯಾಪಾರಿ ಬಂದು ಕೂತು ದರ ಹೇಳಿದನೆಂದರೆ, ತೋಟದವರು ಮುಖ ಸಿಂಡರಿಸಿ, ಈ ದರಕ್ಕೆ ಒಲ್ಲೆ, ಏಳ್ರಿ ಮೇಲೆ ಅನ್ನಲೇಬೇಕು. ಮೊದಲ ಮಾತಿಗೇ ಹೂಂ ಅಂದರೆ ತೋಟಕ್ಕೆ ಏನೋ ರೋಗ ಬಿದ್ದಿದೆ, ಇಲ್ಲವೇ ಮನೆಯಲ್ಲಿ ಹಿಟ್ಟು ತೀರಿದೆ ಎಂದು ಊರು ಆಡಿಕೊಳ್ಳುತ್ತದೆ. ವ್ಯಾಪಾರಿ ಬೇಜಾರು ಮಾಡಿಕೊಳ್ಳದೆ ಎದ್ದು ಹೋಗುತ್ತಾನೆ. ಒಂದು ಸಂತೆ ಕಳೆದ ಮೇಲೆ ಮತ್ತೆ ಬರುತ್ತಾನೆ. ಆಗ ಚಹಾ ಬರುತ್ತದೆ, ನಿಜವಾದ ಮಾತುಕತೆ ಶುರುವಾಗುತ್ತದೆ.

ಇಷ್ಟು ಸಾದಾ ಸಂಗತಿಯನ್ನು ಮುಂಬೈಯ ಒಂದು ಯಂತ್ರಕ್ಕೆ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಯಾರ ಮೇಲೆ ಸಿಟ್ಟಾಗಬೇಕು ಅನ್ನುವುದೇ ಗೊತ್ತಿಲ್ಲದ್ದರಿಂದ ಅದು ಇಳಿಯುವುದೂ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ದಿನಗಳು. ವಿಜಾಪುರದಲ್ಲಿ ಬಿ.ಕಾಂ. ಮುಗಿಸಿದ ನನಗೆ ಮುಂಬೈಯ ಒಂದು ಉಪ್ಪಿನಕಾಯಿ ಕಂಪನಿಯಲ್ಲಿ ಖರೀದಿ ಗುಮಾಸ್ತನ ಕೆಲಸ ಸಿಕ್ಕಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕು ನನ್ನವು. ಲಿಂಬೆ, ಮೆಣಸಿನಕಾಯಿ ಬೆಳೆಯುವವರ ಮನೆಗೆ ಹೋಗಿ ವರ್ಷದ ಕರಾರು ಮಾಡಿಸಬೇಕು. ಅಲ್ಲಿಯವರೆಗೆ ಕಂಪನಿಯ ಖರೀದಿದಾರರು ಬೇಕಾದವರಿಗೊಂದು ದರ, ಬೇಡದವರಿಗೊಂದು ದರ ಕೊಟ್ಟು ತಮ್ಮ ಜೇಬು ಬೆಚ್ಚಗೆ ಮಾಡಿಕೊಂಡಿದ್ದರಂತೆ. ಅದಕ್ಕೇ ಕಂಪನಿ ಕಂಪ್ಯೂಟರನ್ನು ನಡುವೆ ತಂದಿತು. ಇನ್ನು ಮೇಲೆ ಕರಾರಿನ ಮಾತುಕತೆಯಲ್ಲಿ ಯಾರು ಏನು ಅಂದರು ಅನ್ನುವುದೆಲ್ಲ ದಾಖಲಾಗಬೇಕು, ಮುಂದಿನ ಹೆಜ್ಜೆ ಏನಿಡಬೇಕು ಅನ್ನುವುದನ್ನು ಯಂತ್ರವೇ ಹೇಳಬೇಕು.

ತರಬೇತಿಗೆಂದು ನಮ್ಮನ್ನು ಮುಂಬೈಗೆ ಕರೆಸಿಕೊಂಡಿದ್ದರು. ಯಂತ್ರವನ್ನು ಗಾಜಿನ ಆಚೆಯಿಂದ ತೋರಿಸಿದರು. ಕಪಾಟಿನಷ್ಟು ದೊಡ್ಡ ಪೆಟ್ಟಿಗೆಗಳು, ಮೈ ನಡುಗಿಸುವ ತಂಪು, ಒಳಗೆ ಹೋಗಲು ನಮಗೆ ಅಪ್ಪಣೆಯಿಲ್ಲ. ನಮ್ಮ ಕೈಗೆ ಬಂದದ್ದು ಸಣ್ಣ ಸಣ್ಣ ಚೌಕಗಳ ಒಂದು ಹಾಳೆ. ಮಾತುಕತೆಯ ಪ್ರತಿ ಮಾತಿಗೂ ಒಂದು ಅಂಕಿ. ಕಂಪನಿ ದರ ಹೇಳಿದರೆ ಒಂದು, ರೈತ ತನ್ನ ದರ ಹೇಳಿದರೆ ಎರಡು, ಒಪ್ಪಿದರೆ ಏಳು, ಒಲ್ಲೆನೆಂದರೆ ಒಂಬತ್ತು. ಕೆಳಗೆ ಇಬ್ಬರ ಸಹಿ. ಹಾಳೆ ಟಪಾಲಿನಲ್ಲಿ ಮುಂಬೈ ಸೇರಿದ ಮೇಲೆ ಅಲ್ಲಿನ ಹುಡುಗಿಯರು ಅದನ್ನು ನೋಡಿ ದಪ್ಪ ಕಾಗದದ ಕಾರ್ಡಿಗೆ ತೂತು ಹೊಡೆಯುತ್ತಿದ್ದರು. ಯಂತ್ರ ಆ ಕಾರ್ಡುಗಳನ್ನು ಓದಿ ಅಗಲವಾದ ಕಾಗದದ ಮೇಲೆ ಉತ್ತರ ಹೊಡೆದು ಕಳಿಸುತ್ತಿತ್ತು.

ಸುಳ್ಳೇಕೆ ಹೇಳಲಿ, ನನಗೆ ಅದು ಸೇರಿತ್ತು. ಸಾಹುಕಾರನಿಗೂ ಅದೇ ಅಂಕಿ, ಬಡವನಿಗೂ ಅದೇ ಅಂಕಿ. ಆದರೆ ಊರೂರು ತಿರುಗಲು ಶುರು ಮಾಡಿದ ಮೇಲೆ ಬೇರೆಯೇ ಪಂಚಾಯಿತಿ ಎದುರಾಯಿತು. ಸಿಂದಗಿ ಕಡೆಯವರು ಏನು ಕೇಳಿದರೂ ‘ನೋಡೂಣು’ ಅನ್ನುತ್ತಿದ್ದರು. ನೋಡೂಣು ಅನ್ನುವುದಕ್ಕೆ ಅಂಕಿ ಇರಲಿಲ್ಲ. ಮುದ್ದೇಬಿಹಾಳದಲ್ಲಿ ಒಬ್ಬರು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಅಣ್ಣನನ್ನು ಕೇಳಬೇಕು ಅಂದರು. ಆ ಅಣ್ಣ ತೀರಿಹೋಗಿ ಎಷ್ಟೋ ವರ್ಷವಾಗಿತ್ತು ಅನ್ನುವುದು ಬಸ್ಸಿನಲ್ಲಿ ತಿಳಿಯಿತು. ಬಾಗೇವಾಡಿಯ ಒಂದು ಮನೆಯಲ್ಲಂತೂ ಊಟ ಆಗುವ ತನಕ ವ್ಯಾಪಾರದ ಸುದ್ದಿ ಎತ್ತಲು ಬಿಡಲಿಲ್ಲ, ಊಟವಾದ ಮೇಲೆ ಮಲಗಿಬಿಟ್ಟರು. ನಾನು ಖಾಲಿ ಹಾಳೆ ಹಿಡಿದು ಪಡಸಾಲೆಯಲ್ಲಿ ಕೂತೆ.

ತರಬೇತಿಯಲ್ಲೇ ನಾನು ಖರೀದಿ ವಿಭಾಗದ ಸಾಹೇಬರಿಗೆ ಹೇಳಿದ್ದೆ, ನಮ್ಮ ಕಡೆ ಮೊದಲ ಒಲ್ಲೆ ಒಲ್ಲೆಯಲ್ಲ ಎಂದು. ಅವರು ಒಳ್ಳೆಯ ಮನುಷ್ಯ. ಬೆನ್ನು ತಟ್ಟಿ ನಕ್ಕು, ಇಂಥ ನಾಟಕಗಳನ್ನು ನಿಲ್ಲಿಸಲಿಕ್ಕೇ ಅಲ್ಲವೇ ಈ ಯಂತ್ರ ಬಂದದ್ದು ಅಂದರು. ಉಳಿದವರೂ ನಕ್ಕರು.

ಇಂಡಿ ತಾಲೂಕಿನ ಲಚ್ಯಾಣದಲ್ಲಿ ಒಬ್ಬ ಹೆಣ್ಣುಮಗಳ ಲಿಂಬೆ ತೋಟವಿತ್ತು. ಗಂಡ ತೀರಿದ ಮೇಲೆ ಮೈದುನ ತೋಟ ತನ್ನ ಕೈಗೆ ಬರಬೇಕೆಂದು ಹಟ ಹಿಡಿದಿದ್ದ. ಹೆಣ್ಣು ಹೆಂಗಸಿಗೆ ವ್ಯಾಪಾರ ಎಲ್ಲಿ ನೀಗುತ್ತದೆ ಅನ್ನುವುದು ಅವನ ವಾದ. ಹಿರಿಯರು ಕೂತು ಒಂದು ತೀರ್ಮಾನ ಮಾಡಿದ್ದರು. ಪ್ರತಿ ವರ್ಷ ಯುಗಾದಿಯೊಳಗೆ ಆಕೆ ತಾನೇ ಕೂತು ತೋಟದ ಗುತ್ತಿಗೆ ಗಟ್ಟಿ ಮಾಡಿಕೊಂಡರೆ ತೋಟ ಆಕೆಯದೇ. ಮಾಡಿಕೊಳ್ಳದ ವರ್ಷ ಅದು ಮೈದುನನ ಸಾಗುವಳಿಗೆ, ಆಕೆಗೆ ವರ್ಷದ ಕಾಳುಕಡಿ. ಆಕೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಇಂಡಿಯ ಬಾಗವಾನ ಎಂಬ ಹಣ್ಣಿನ ವ್ಯಾಪಾರಿಯೊಬ್ಬರು ಪ್ರತಿ ವರ್ಷ ಬಂದು ಒಲ್ಲೆ ಅನ್ನಿಸಿಕೊಂಡು, ಮತ್ತೆ ಬಂದು, ತೋಟವನ್ನು ಗುತ್ತಿಗೆ ಹಿಡಿದು ಹೋಗುತ್ತಿದ್ದರು. ಆ ವರ್ಷ ಆ ಬಾಗವಾನರೂ ನಮ್ಮ ಕಂಪನಿಯ ಸರಬರಾಜುದಾರರಾಗಿ ಸೇರಿಕೊಂಡಿದ್ದರು. ಅವರು ತಾವಾಗಿ ತೋಟ ಹಿಡಿಯುವಂತಿಲ್ಲ, ಯಂತ್ರದ ಪಟ್ಟಿಯಲ್ಲಿ ಬಂದ ತೋಟದ ಕಾಯಿ ಮಾತ್ರ ಎತ್ತಬೇಕು. ಹಾಗಾಗಿ ಲಚ್ಯಾಣಕ್ಕೆ ನಾನು ಹೋದೆ.

ಊರವರೆಲ್ಲ ಆಕೆಯನ್ನು ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಯಿ ಹಾಳೆಯನ್ನು ತಿರುಗಿಸಿ ನೋಡಿ, ಇದೇನು ಅಂದಳು. ನಾವು ಆಡುವ ಮಾತೆಲ್ಲ ಇದರಲ್ಲಿ ಬರೆದುಕೊಂಡು ಮುಂಬೈಗೆ ಕಳಿಸುತ್ತೇನೆ ಅಂದೆ. ಆಕೆಯ ಮುಖ ಅರಳಿತು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ನಾನು ದರ ಹೇಳಿದೆ.

“ಈ ದರಕ್ಕ ನಾ ಒಲ್ಲೆ. ಏಳು ತಮ್ಮಾ, ಬಂದ ದಾರಿ ಹಿಡಿ.”

ನಾನು ಪೆನ್ನು ಮುಚ್ಚಿದೆ. “ಆಯಿ, ಇವತ್ತು ಬರೆಯೂದ ಬ್ಯಾಡ್ರಿ. ಮುಂದಿನ ಸಂತಿಗೆ ಬರ್ತೇನಿ, ಆವಾಗ ಬರೆಯೂಣು.”

“ಯಾಕ? ನಾ ಅಂದಿದ್ದು ಬರೀಬಾರದೇನು?”

“ಬರದ್ರ ಅದು ಅಷ್ಟಕ್ಕ ಮುಗೀತೈತ್ರಿ. ಮಶೀನಿಗೆ ತಿಳಿಯೂದಿಲ್ಲ.”

“ಮುಂಬೈದವ್ರಿಗೆ ಗೊತ್ತಾಗಲಿ, ಲಚ್ಯಾಣದಾಕಿ ಮೊದಲ ಮಾತಿಗೆ ಬೀಳೂಹಂತಾಕಿ ಅಲ್ಲಂತ. ಬರಿ. ನನ್ನ ಕಣ್ಣ ಮುಂದ ಬರಿ.”

ಬಾಗಿಲಲ್ಲಿ ಮೈದುನ ನಿಂತಿದ್ದ. ಅವನ ಎದುರಿಗೆ ಹಿಂದೆ ಸರಿಯುವುದು ಆಕೆಯಿಂದ ಸಾಧ್ಯವಿರಲಿಲ್ಲ. ನಾನು ಎಷ್ಟು ತಡೆದರೂ ಆಕೆಗೆ ಸಂಶಯವೇ ಹೆಚ್ಚಾಯಿತು, ಇವನು ಈಗ ಬರೆಯದೆ, ಆಮೇಲೆ ಒಪ್ಪಿದಳೆಂದು ಸುಳ್ಳು ತುಂಬಿಕೊಂಡಾನು ಎಂದು. ಚೌಕದಲ್ಲಿ ಒಂಬತ್ತು ಹಾಕಿದೆ. ಆಕೆ ಹೆಬ್ಬೆಟ್ಟನ್ನು ಮಸಿಯಲ್ಲಿ ಅದ್ದಿ, ಒತ್ತಿ, ಮೈದುನನ ಕಡೆ ಒಂದು ನೋಟ ಬೀರಿದಳು. ಅಷ್ಟು ಖುಷಿಯಿಂದ ಸಹಿ ಮಾಡಿದವರನ್ನು ಆ ನಾಲ್ಕು ತಾಲೂಕಿನಲ್ಲಿ ನಾನು ಬೇರೆ ಕಾಣಲಿಲ್ಲ.

ಹಾಳೆಯ ಜೊತೆ ಒಂದು ಪತ್ರವನ್ನೂ ಇಟ್ಟು ಕಳಿಸಿದೆ, ಇದು ಮೊದಲ ಸಲದ ಮಾತು, ದಯವಿಟ್ಟು ಮುಂದುವರಿಸಿ ಎಂದು. ಯಂತ್ರ ಪತ್ರ ಓದುವುದಿಲ್ಲ. ಉತ್ತರದ ಕಾಗದ ಬಂದಾಗ ಆಯಿಯ ತೋಟದ ನಂಬರಿನ ಮುಂದೆ ಇಂಗ್ಲಿಷಿನಲ್ಲಿ ಮಾತುಕತೆ ಮುಕ್ತಾಯ ಅಂತ ಹೊಡೆದಿತ್ತು. ಇಂಡಿಯ ಪೋಸ್ಟ್ ಆಫೀಸಿನಿಂದ ಟ್ರಂಕ್ ಕಾಲ್ ಮಾಡಿದೆ. ಸಾಹೇಬರು ತಾಳ್ಮೆಯಿಂದಲೇ ಕೇಳಿದರು. ಒಮ್ಮೆ ಮುಚ್ಚಿದ ನಂಬರಿನ ಕಾರ್ಡನ್ನು ಈ ಹಂಗಾಮಿನಲ್ಲಿ ಯಂತ್ರ ತೆಗೆದುಕೊಳ್ಳುವುದಿಲ್ಲ, ಹಾಗೆಂದೇ ಅದನ್ನು ಕಟ್ಟಿದ್ದಾರೆ, ಇಲ್ಲದಿದ್ದರೆ ಹಳೆಯ ಖರೀದಿದಾರರ ಆಟ ಮತ್ತೆ ಶುರುವಾಗುತ್ತದೆ, ನನ್ನ ಕೈಯಲ್ಲೂ ಏನಿಲ್ಲ ಮಾರಾಯ ಅಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. ಅದರಿಂದ ನನಗೆ ಇನ್ನಷ್ಟು ಉರಿ ಹತ್ತಿತು. ಕೆಟ್ಟ ಮನುಷ್ಯನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಬಾಗವಾನರ ಅಂಗಡಿಗೆ ಹೋದೆ. ಅವರು ತಲೆ ತಗ್ಗಿಸಿದರು. “ಆ ಹೆಣ್ಣುಮಗಳ ತ್ವಾಟದ ಕಾಯಿ ನಾ ಕಣ್ಣು ಮುಚ್ಚಿ ಎತ್ತಾಂವ್ರಿ. ಈಗ ಪಟ್ಟ್ಯಾಗ ನಂಬರ್ ಇಲ್ಲದ ಕಾಯಿ ಎತ್ತಿದ್ರ ನಿಮ್ಮ ಕಂಪನಿ ನನ್ನ ಕರಾರು ಹರೀತೈತಿ. ನಾ ಏನ್ ಮಾಡ್ಲಿ, ನೀವ ಹೇಳ್ರಿ.” ಬೇರೆ ವ್ಯಾಪಾರಿಗಳನ್ನೂ ಕೇಳಿದೆ. ಬಾಗವಾನರು ಬಿಟ್ಟ ತೋಟ, ಕಂಪನಿಯೂ ಬಿಟ್ಟ ತೋಟ, ಒಳಗೆ ಏನೋ ಇರಬೇಕು ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎರಡನೇ ಸಂತೆ ಕಳೆದ ಮರುದಿನ ಲಚ್ಯಾಣಕ್ಕೆ ಹೋದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬರಲು. ಆಯಿ ನನ್ನ ದಾರಿಯನ್ನೇ ಕಾಯುತ್ತಿದ್ದಳು. ಪಡಸಾಲೆಗೆ ಕಂಬಳಿ ಹಾಸಿಯಾಗಿತ್ತು. ಬಂದವನೇ ಚಹಾ ಕುಡಿಯಬೇಕಾಯಿತು.

“ಆಯಿ, ನಾ ವ್ಯಾಪಾರಕ್ಕ ಬಂದಿಲ್ಲರಿ. ಈ ವರ್ಷ ನಿಮ್ಮ ತ್ವಾಟಾ ಕಂಪನಿ ತಗೊಳ್ಳೂದಿಲ್ಲ.”

ಆಯಿ ಕಣ್ಣು ಸಣ್ಣ ಮಾಡಿ ನಕ್ಕಳು. “ಆವತ್ತ ನಾ ಒಲ್ಲೆ ಅಂದೆ, ಇವತ್ತ ನಿನ್ನ ಪಾಳಿ. ಅನ್ನು, ಅನ್ನು. ಆತು, ಕಾಯಿ ಹರಿಯೂ ಆಳಿನ ಕೂಲಿ ನಂದು.”

“ಹಂಗಲ್ಲರಿ. ಕಂಪನ್ಯಾಗ ಮುಗದೇತಿ. ನೋಡ್ರಿ, ಕಾಗದಾ ತಂದೇನಿ.”

ಯಂತ್ರ ಹೊಡೆದ ಕಾಗದವನ್ನು ಮುಂದೆ ಹಿಡಿದೆ. ಆಕೆ ಅದರ ಅಂಚಿನ ತೂತುಗಳ ಮೇಲೆ ಬೆರಳಾಡಿಸಿದಳು. “ನಿಮ್ಮ ಮನಿ ಕಾಗದಾ ನಿಮ್ಮ ಕಡೀನ ಹೇಳ್ತೈತಿ. ಇಂಡಿ ಮಟಾ ಬಂಡಿ ಬಾಡಿಗಿನೂ ನಂದು ಹಿಡಿ.”

“ಆಣಿ ಮಾಡಿ ಹೇಳ್ತೇನ್ರಿ ಆಯಿ, ನನ್ನ ಕೈಯಾಗ ಏನೂ ಇಲ್ಲ.”

“ವ್ಯಾಪಾರದಾಗ ಆಣಿ ಮಾಡಬ್ಯಾಡ ತಮ್ಮಾ, ಸಣ್ಣಾಂವ ಅದಿ, ಒಳ್ಳೇದಲ್ಲ.”

ನಾನು ಏನು ಹೇಳಿದರೂ ಅದು ವ್ಯಾಪಾರದ ಮಾತೇ ಆಗುತ್ತಿತ್ತು. ದನಿ ಏರಿಸಿದರೆ ಬಿಗಿ ಹಿಡಿದೆ ಅನ್ನುತ್ತಾಳೆ, ಸುಮ್ಮನಿದ್ದರೆ ಇನ್ನೂ ಬೇಕಾಗಿದೆ ಅಂದುಕೊಳ್ಳುತ್ತಾಳೆ. ಎದ್ದು ಹೋಗೋಣವೆಂದರೆ ಅದಂತೂ ಹಳೆಯ ಪಟ್ಟು. ಕೊನೆಗೆ ಕೈಮುಗಿದು, ಯುಗಾದಿ ಹತ್ತಿರ ಬಂತು, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದೆ. ಆಕೆ ಚಹಾದ ಬಟ್ಟಲನ್ನು ಬದಿಗೆ ಸರಿಸಿದಳು. ಬೇರೆಯವರನ್ನು ನೋಡಿಕೊಳ್ಳಿ ಅನ್ನುವುದು ವ್ಯಾಪಾರಿಯ ಕೊನೆಯ ಮಾತು, ಅದಾದ ಮೇಲೆ ತೋಟದವರು ಬಾಗಲೇಬೇಕು ಅನ್ನುವುದು ನನಗೆ ಆಗ ನೆನಪಾಯಿತು.

“ಬ್ಯಾಸಗಿ ಕಾಯಿ ಯಾರಿಗೂ ಕೊಟ್ಟಿಲ್ಲ ನಾ,” ಅಂದಳು. ವರ್ಷದಲ್ಲಿ ದುಬಾರಿ ಕಾಯಿ ಅದು, ಅದನ್ನು ಆಕೆ ತನ್ನ ಕೈಖರ್ಚಿಗೆ ಇಟ್ಟುಕೊಳ್ಳುತ್ತಿದ್ದಳು. “ಅದನ್ನೂ ತಗೋ.”

ನಾನು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಆಕೆ ಬಾಗಿಲ ಕಡೆ ನೋಡಿದಳು. ಮೈದುನ ಇರಲಿಲ್ಲ. ದನಿ ತಗ್ಗಿಸಿದಳು. “ದರಾನೂ ನೀನ ಹೇಳು. ಏನ್ ಕೊಡ್ತಿ ಕೊಡು. ತ್ವಾಟ ನನ್ನ ಕೈಯಾಗ ಉಳದ್ರ ಸಾಕು.”

ಆಕೆ ಹಾಗೆ ಯಾರ ಮುಂದೆಯೂ ಅಂದಿರಲಿಕ್ಕಿಲ್ಲ. ನನಗೆ ಅಳು ಬಂತು. ಇಲ್ಲರಿ ಆಯಿ ಅಂದೆ, ಮತ್ತೊಮ್ಮೆ ಇಲ್ಲರಿ ಅಂದೆ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಹಿಂದಿನಿಂದ ಆಕೆ ಕರೆಯಲಿಲ್ಲ. ಇಂಡಿಗೆ ಬಂದವನೇ ಆಕೆ ಬಿಟ್ಟುಕೊಟ್ಟದ್ದನ್ನೆಲ್ಲ ಹೊಸ ಹಾಳೆಯಲ್ಲಿ ತುಂಬಿ ಕಳಿಸಿದೆ. ನಮ್ಮ ಕಂಪನಿಗೆ ಅದಕ್ಕಿಂತ ಲಾಭದ ಕರಾರು ಆ ವರ್ಷ ಇನ್ನೊಂದು ಬಂದಿರಲಾರದು. ಮುಚ್ಚಿದ ನಂಬರು ಎಂಬ ಗುರುತಿನೊಂದಿಗೆ ಹಾಳೆ ಹಾಗೇ ವಾಪಸು ಬಂತು.

ಯುಗಾದಿಯಾಯಿತು. ತೋಟ ಮೈದುನನ ಕೈಗೆ ಹೋಯಿತು. ಅವನು ಕಾಯಿಯನ್ನು ತಾನೇ ಸೊಲ್ಲಾಪುರಕ್ಕೆ ಸಾಗಿಸಿ ಮಾರಿಕೊಂಡ.

ನಾನೂ ಬಹಳ ದಿನ ಆ ಕೆಲಸದಲ್ಲಿ ಉಳಿಯಲಿಲ್ಲ. ಬಿಡುವ ಮುಂಚೆ ಒಂದು ದಿನ ಇಂಡಿಯ ಸಂತೆಯಲ್ಲಿ ಆಯಿ ಕಂಡಳು. ನೆಲಕ್ಕೆ ಗೋಣಿಚೀಲ ಹಾಸಿ ಬೇರೆಯವರ ತೋಟದ ಲಿಂಬೆಕಾಯಿಯ ಸಣ್ಣ ಗುಡ್ಡೆ ಹಾಕಿಕೊಂಡು ಕೂತಿದ್ದಳು. ತಪ್ಪಿಸಿಕೊಂಡು ಹೋಗಬೇಕೆಂದಿದ್ದೆ, ಆಕೆಯೇ ಕೂಗಿ ಕರೆದಳು. ಸಿಟ್ಟು ಇರಲಿಲ್ಲ. ಪಕ್ಕದಲ್ಲಿ ಕೂತವರಿಗೆಲ್ಲ ನನ್ನನ್ನು ತೋರಿಸಿದಳು.

“ನೋಡ್ರಿ, ಇಂವನ ಅಂವ. ಇಷ್ಟು ವರ್ಷ ವ್ಯಾಪಾರ ಮಾಡೇನಿ, ಇಂಥಾ ಗಟ್ಟಿ ಗಿರಾಕಿ ಕಂಡಿಲ್ಲ. ಎಲ್ಲಾ ಬಿಟ್ಟುಕೊಟ್ಟೆ, ಒಂದ ಮಾತಿಗೂ ಬಗ್ಗಲಿಲ್ಲ.”

ಅವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಆಯಿ ನನ್ನ ಅಂಗಿ ಹಿಡಿದು ಹತ್ತಿರ ಬಗ್ಗಿಸಿಕೊಂಡು, ಅವರಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದಳು.

“ಈಗ ಹೇಳು ತಮ್ಮಾ. ಮುಗದು ಹೋದ ಮಾತು, ಸುಮ್ಮ ಕೇಳ್ತೇನಿ. ಆವತ್ತ ನಾ ಇನ್ನೇನು ಬಿಡಬೇಕಿತ್ತು?”

“ಏನೂ ಇರಲಿಲ್ಲರಿ ಆಯಿ,” ಅಂದೆ.

ಆಕೆ ನಂಬಲಿಲ್ಲ.